ರೊಟ್ಟಿ ನಾಡಿನವರ ಪರದೇಶದ ಪಥ್ಯ

ಬೀದರ್, ಭಾಲ್ಕಿ, ಔರಾದ್ ಕಡೆಯ ಮನೆಗಳಲ್ಲಿ ಯಾರಾದರೂ ದೂರದ ಊರಿಗೆ ಹೊರಟರೆಂದರೆ ಹಿಂದಿನ ದಿನವೇ ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ಬೆಂದ ಜೋಳದ ರೊಟ್ಟಿಯನ್ನು ಒಲೆಯ ಬದಿಗೆ ಆನಿಸಿ, ನೀರಿನಂಶ ಪೂರ್ತಿ ಹೋಗುವವರೆಗೆ ಒಣಗಿಸಿದರೆ ಅದು ಖಡಕ್ ರೊಟ್ಟಿ. ಶುಭ್ರವಾದ ಬಟ್ಟೆಯಲ್ಲಿ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಜತೆಗೆ ಶೇಂಗಾ ಹಿಂಡಿ, ಕಾರೆಳ್ಳಿನ ಹಿಂಡಿ ಇದ್ದರೆ ಹೈದರಾಬಾದಿಗೆ ಹೋಗುವವರಿಗೂ ಸೈ, ದುಬೈಗೆ ಹೋಗುವವರಿಗೂ ಸೈ. ಹೊರಗಿನ ಊಟ ನಾಲಿಗೆಗೆ ಹಿಡಿಸದು ಎಂಬುದೇ ಬಹುಮಂದಿಗೆ ಈ ಗಂಟು ಕಟ್ಟಲು ಕಾರಣ. ಆದರೆ ನಾಲಿಗೆಯ ಮಾತಾಗಿರದೆ ಜೀವದ ಮಾತೇ ಆಗಿರುವ ಕೆಲವರಿದ್ದಾರೆ. ಅವರು ಗೋಧಿಯ ಒಂದು ತುಣುಕನ್ನೂ ತಿನ್ನುವಂತಿಲ್ಲ. ಅದೂ ನಾಲ್ಕು ದಿನವಲ್ಲ, ಬದುಕಿರುವವರೆಗೆ.

ಈ ಕಾಯಿಲೆಗೆ ಸೀಲಿಯಾಕ್ ಎಂದು ಹೆಸರು. ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಇದರ ಮೂಲ. ಗ್ಲುಟೆನ್ ಎಂದರೇನೆಂದು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ, ಅಡುಗೆಮನೆಯೇ ಸಾಕು. ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ನಾದಿದರೆ ಅದು ರಬ್ಬರಿನಂತೆ ಎಳೆದಷ್ಟೂ ಬರುತ್ತದೆ. ಆ ಎಳೆತ ಕೊಡುವುದೇ ಗ್ಲುಟೆನ್. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಅಂಟು ಎಂದೇ ಅರ್ಥ. ಬೀದರ್ ಸೀಮೆಯ ಹೆಣ್ಣುಮಕ್ಕಳು ‘ಜಿಗಿ’ ಎನ್ನುವುದು ಹೆಚ್ಚುಕಡಿಮೆ ಇದಕ್ಕೇ. ಜೋಳದ ಹಿಟ್ಟಿನಲ್ಲಿ ಈ ಅಂಟು ಇಲ್ಲ. ತಣ್ಣೀರು ಹಾಕಿದರೆ ಮರಳಿನಂತೆ ಉದುರುತ್ತದೆ. ಆದ್ದರಿಂದಲೇ ಎಸರು ಕುದಿಸಿ ಹಿಟ್ಟಿಗೆ ಹೊಯ್ಯುವುದು. ಬಿಸಿನೀರಿಗೆ ಹಿಟ್ಟಿನಲ್ಲಿನ ಪಿಷ್ಟ ಅರೆಬೆಂದು ಒಂದಿಷ್ಟು ಜಿಗಿ ಹುಟ್ಟುತ್ತದೆ. ಅದೂ ಲಟ್ಟಣಿಗೆಗೆ ಸುಲಭವಾಗಿ ಬಗ್ಗುವಂಥದ್ದಲ್ಲ. ಅಂಗೈಯಿಂದ ಬಡಿಬಡಿದು ತಿರುಗಿಸುತ್ತ ಹಿಗ್ಗಿಸಬೇಕು. ರೊಟ್ಟಿ ಬಡಿಯುವ ವಿದ್ಯೆಯೆಲ್ಲ ಗ್ಲುಟೆನ್ ಇಲ್ಲದ ಹಿಟ್ಟನ್ನು ಪಳಗಿಸಲು ತಲೆತಲಾಂತರದಿಂದ ಕಂಡುಕೊಂಡ ಉಪಾಯವೆಂದರೆ ತಪ್ಪಾಗದು.

ಸೀಲಿಯಾಕ್ ಇರುವವರ ದೇಹ ಈ ಗ್ಲುಟೆನ್ನನ್ನು ಶತ್ರುವೆಂದು ತಿಳಿದು ಹೋರಾಟಕ್ಕೆ ಇಳಿಯುತ್ತದೆ. ಪೆಟ್ಟು ಬೀಳುವುದು ಮಾತ್ರ ತನ್ನದೇ ಸಣ್ಣ ಕರುಳಿಗೆ. ಕರುಳಿನ ಒಳಗೋಡೆಯಲ್ಲಿ ಆಹಾರದ ಸತ್ವ ಹೀರುವ ಕೂದಲೆಳೆಯಂಥ ರಚನೆಗಳು ಸವೆದುಹೋಗುತ್ತವೆ. ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಮಕ್ಕಳಾದರೆ ಭೇದಿ, ಉಬ್ಬಿದ ಹೊಟ್ಟೆ, ಕುಂಠಿತ ಬೆಳವಣಿಗೆ. ದೊಡ್ಡವರಾದರೆ ಹಲವೊಮ್ಮೆ ಏನು ಕೊಟ್ಟರೂ ಏರದ ರಕ್ತಹೀನತೆ, ನಿಶ್ಶಕ್ತಿ, ಟೊಳ್ಳಾದ ಮೂಳೆ. ಗೋಧಿಯ ಅಲರ್ಜಿ ಬೇರೆ, ಇದು ಬೇರೆ. ಇದಕ್ಕೆ ಇಂದಿಗೂ ಮಾತ್ರೆಯಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ಪಥ್ಯವೊಂದೇ ಮದ್ದು.

ಆ ಮದ್ದು ಸಿಕ್ಕ ಕಥೆ ದುಃಖದ್ದೂ ಹೌದು, ವಿಚಿತ್ರವೂ ಹೌದು. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1887ರಲ್ಲಿ ಈ ಕಾಯಿಲೆಯನ್ನು ವರ್ಣಿಸಿ, ಗುಣವಾಗುವುದಿದ್ದರೆ ಊಟದಿಂದಲೇ ಎಂದು ಸರಿಯಾಗಿ ಊಹಿಸಿದ. ಆದರೆ ಅವನ ಪಥ್ಯದಲ್ಲಿ ತೆಳ್ಳಗೆ ಕೊಯ್ದು ಸುಟ್ಟ ಬ್ರೆಡ್ಡಿಗೂ ಜಾಗವಿತ್ತು! 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಎಂಬ ವೈದ್ಯ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹಿಡಿಸಿದ. ಮಕ್ಕಳು ಚೇತರಿಸಿಕೊಂಡರು. ಬಾಳೆಹಣ್ಣಿನಲ್ಲಿ ಸಂಜೀವಿನಿ ಇದೆಯೆಂದು ಜನ ನಂಬಿದರು. ಅಸಲಿಗೆ ಕೆಲಸ ಮಾಡಿದ್ದು ತಟ್ಟೆಯಲ್ಲಿ ಬ್ರೆಡ್ಡು ಇಲ್ಲದಿದ್ದುದು. ನಿಜವಾದ ಅಪರಾಧಿಯನ್ನು ಹಿಡಿದವರು ಹಾಲೆಂಡಿನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಗೋಧಿಯ ಮೇಲೆ ಅವರಿಗೆ 1930ರ ದಶಕದಿಂದಲೇ ಗುಮಾನಿಯಿತ್ತು. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಹಾಲೆಂಡಿನಲ್ಲಿ ಭೀಕರ ಕ್ಷಾಮ ಬಿತ್ತು. ಬ್ರೆಡ್ಡಿಲ್ಲದೆ ಜನ ಟ್ಯೂಲಿಪ್ ಹೂವಿನ ಗೆಡ್ಡೆ ತಿಂದರು. ಊರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದರು. ಯುದ್ಧ ಮುಗಿದು ಬ್ರೆಡ್ಡು ಬಂದೊಡನೆ ಮತ್ತೆ ಹಾಸಿಗೆ ಹಿಡಿದರು. ಡಿಕ್ಕೆಯವರ ಮಹಾಪ್ರಬಂಧ 1950ರಲ್ಲಿ ಪ್ರಕಟವಾದ ಮೇಲೆ ವೈದ್ಯಲೋಕ ಗೋಧಿಯತ್ತ ಬೆರಳು ತೋರಿಸಲು ಹಿಂಜರಿಯಲಿಲ್ಲ.

ಭಾರತದಲ್ಲಿ ಇದು ಬಹುಕಾಲ ಉತ್ತರದವರ ಕಾಯಿಲೆ ಎನಿಸಿಕೊಂಡಿತ್ತು. 2016ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದು ಈ ಭಾವನೆಗೆ ಅಂಕಿಗಳನ್ನು ಒದಗಿಸಿತು. ಉತ್ತರದಲ್ಲಿ ನೂರು ಮಂದಿಗೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ಹಾಗೆಂದು ದಕ್ಷಿಣದವರ ರಕ್ತ ಬೇರೆಯೇನಲ್ಲ. ಕಾಯಿಲೆಗೆ ದಾರಿ ಮಾಡಿಕೊಡುವ ವಂಶವಾಹಿಗಳು ಎರಡೂ ಕಡೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗಿದ್ದವು. ವ್ಯತ್ಯಾಸವಿದ್ದುದು ತಟ್ಟೆಯಲ್ಲಿ. ಸಮೀಕ್ಷೆ ನಡೆದ ಉತ್ತರದ ಪ್ರದೇಶದಲ್ಲಿ ಒಬ್ಬರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ಉಣ್ಣುತ್ತಿದ್ದರೆ ದಕ್ಷಿಣದಲ್ಲಿ ಅದು 25 ಗ್ರಾಂ ಮಾತ್ರ.

ಬೀದರಿನಂಥ ಊರಿಗೆ ಈ ಲೆಕ್ಕ ಎಚ್ಚರಿಕೆಯ ಮಾತಾಗಬೇಕು. ನಕ್ಷೆಯಲ್ಲಿ ಇದು ದಕ್ಷಿಣ; ಊಟದಲ್ಲಿ ದಿನದಿನಕ್ಕೆ ಉತ್ತರದತ್ತ ವಾಲುತ್ತಿದೆ. ದೇಶದಲ್ಲಿ 1960ರ ದಶಕದ ಆರಂಭದಲ್ಲಿ ಸುಮಾರು 1.8 ಕೋಟಿ ಹೆಕ್ಟೇರಿನಲ್ಲಿ ಜೋಳವಿತ್ತು. ಈಗ ಅದು 40 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ಬೀದರ್ ಜಿಲ್ಲೆಯ ಹೊಲಗಳಲ್ಲಿ ಸೋಯಾಬೀನ್, ಕಬ್ಬು ಹಬ್ಬಿವೆ. ಬೆಳಗಿನ ಚಹಾಕ್ಕೆ ಬಿಸ್ಕತ್ತು, ಶಾಲೆಯ ಡಬ್ಬಿಗೆ ಚಪಾತಿ, ರಾತ್ರಿ ಮತ್ತೆ ಚಪಾತಿ ಎಂಬ ಮನೆಗಳು ಭಾಲ್ಕಿಯಲ್ಲೂ ಇವೆ, ಔರಾದಿನಲ್ಲೂ ಇವೆ. ಇಂಥಲ್ಲಿ ಮಗು ಬೆಳೆಯದಿದ್ದರೆ ಜಂತು, ದೃಷ್ಟಿ, ಅಪೌಷ್ಟಿಕತೆ ಎಂದೆಲ್ಲ ಹೇಳುತ್ತಾರೆಯೇ ಹೊರತು ಗೋಧಿಯ ಹೆಸರೆತ್ತುವವರು ಕಡಿಮೆ. ರಕ್ತಪರೀಕ್ಷೆಯೊಂದು, ಅಗತ್ಯಬಿದ್ದರೆ ಕರುಳಿನ ಚೂರು ತೆಗೆದು ನೋಡುವ ಇನ್ನೊಂದು ಪರೀಕ್ಷೆ, ಇವುಗಳಿಂದ ಕಾಯಿಲೆ ಖಚಿತವಾಗುತ್ತದೆ. ಪರೀಕ್ಷೆಗೆ ಮುನ್ನವೇ ಗೋಧಿ ಬಿಟ್ಟುಬಿಟ್ಟರೆ ಫಲಿತಾಂಶ ಸುಳ್ಳಾಗುವ ಸಂಭವವಿದೆ ಎಂಬುದು ಮುಖ್ಯ. ತೆಳ್ಳಗಾಗಲೆಂದು ಗೋಧಿ ಬಿಡುವ ಪಟ್ಟಣದ ಫ್ಯಾಷನ್ನಿಗೂ ಇದಕ್ಕೂ ಸಂಬಂಧವಿಲ್ಲ. ಕಾಯಿಲೆ ಇಲ್ಲದವರಿಗೆ ಗ್ಲುಟೆನ್ ವಿಷವೇನೂ ಅಲ್ಲ.

ಒಂದೇ ಹೆಸರು, ಎರಡು ಊಟ

ಕಾಯಿಲೆ ಗೊತ್ತಾದವರು ಊರಿನಲ್ಲಿ ಹೇಗೋ ನಿಭಾಯಿಸುತ್ತಾರೆ. ಪರೀಕ್ಷೆ ಶುರುವಾಗುವುದು ಊರು ಬಿಟ್ಟಾಗ. ಮೊದಲ ತೊಡಕು ‘ರೊಟ್ಟಿ’ ಎಂಬ ಪದವೇ. ಬೀದರಿನ ಕನ್ನಡಿಗರಿಗೆ ರೊಟ್ಟಿಯೆಂದರೆ ಜೋಳದ್ದು, ಗೋಧಿಯದು ಚಪಾತಿ. ಔರಾದಿನ ಮರಾಠಿ ಮನೆಯಲ್ಲಿ ಅದೇ ಭಾಕ್ರಿ, ಗಡಿಯಾಚೆಯ ತೆಲುಗರಲ್ಲಿ ಜೊನ್ನ ರೊಟ್ಟೆ, ಬೀದರಿನ ಹಳೆ ಊರಿನ ದಖನಿಯಲ್ಲಿ ಜವಾರಿ ಕೀ ರೋಟಿ. ಇಷ್ಟು ದೂರ ಮೋಸವಿಲ್ಲ. ದಿಲ್ಲಿಯಲ್ಲಿ ಇಳಿದು ರೋಟಿ ಕೇಳಿದರೆ ತಟ್ಟೆಗೆ ಬೀಳುವುದು ಅಪ್ಪಟ ಗೋಧಿ. ಊರಿನಲ್ಲಿ ಕಾಪಾಡುತ್ತಿದ್ದ ಹೆಸರೇ ಅಲ್ಲಿ ಕಾಯಿಲೆ ತರುತ್ತದೆ.

ಇದರ ತಿರುವುಮುರುವು ಬೀದರಿನಲ್ಲೇ ಕಾಣಸಿಗುತ್ತದೆ. ನಾನಕ್ ಝೀರಾ ಗುರುದ್ವಾರಕ್ಕೆ ಪಂಜಾಬಿನಿಂದ ಸಾವಿರಾರು ಯಾತ್ರಿಕರು ಬರುತ್ತಾರೆ. ಅವರದು ಗೋಧಿಯ ನಾಡು. ಈ ಕಾಯಿಲೆ ಹೆಚ್ಚಾಗಿ ಕಂಡುಬಂದಿರುವ ಸೀಮೆಯೂ ಹೌದು. ಗುರುದ್ವಾರದ ಕಡಾಹ್ ಪ್ರಸಾದ ಗೋಧಿ ಹಿಟ್ಟು, ತುಪ್ಪ, ಸಕ್ಕರೆಯದು. ಲಂಗರಿನ ರೋಟಿಯೂ ಗೋಧಿಯದೇ. ಗೋಧಿ ಒಲ್ಲದ ಯಾತ್ರಿಕರಿಗೆ ಅಲ್ಲಿ ಉಳಿಯುವುದು ಅನ್ನ ಮತ್ತು ದಾಲ್. ಗುರುದ್ವಾರದಿಂದ ಹೊರಬಂದರೆ ಊರಿನ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ ಸಿದ್ಧವಾಗಿರುತ್ತವೆ. ಪಂಜಾಬಿನ ಮನೆಗಳಲ್ಲಿ ಮೆಕ್ಕೆಜೋಳದ ರೊಟ್ಟಿಯನ್ನು ಹೀಗೆಯೇ ಕೈಯಿಂದ ತಟ್ಟುತ್ತಾರಾದ್ದರಿಂದ ವಿವರಿಸಿ ಹೇಳಿದರೆ ಅವರಿಗೆ ಅರ್ಥವಾಗದ ಸಂಗತಿಯೇನಲ್ಲ.

ಊಟದ ನೇಮ ಹಿಡಿದ ಪರದೇಶಿ ಬೀದರಿಗೆ ಹೊಸಬನೂ ಅಲ್ಲ. ರಷ್ಯದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ 1470ರ ಸುಮಾರಿಗೆ, ಬಹಮನಿ ಸುಲ್ತಾನರ ಈ ರಾಜಧಾನಿಗೆ ಕುದುರೆ ಮಾರಲು ಬಂದಿದ್ದ. ದಾರಿಯಲ್ಲಿ ಅವನ ಪುಸ್ತಕಗಳು ದರೋಡೆಯಾಗಿದ್ದವು. ಹಾಗಾಗಿ ಈಸ್ಟರ್ ಎಂದು, ಉಪವಾಸ ಎಂದು ಎಂಬ ಲೆಕ್ಕವೇ ತಪ್ಪಿಹೋಗಿ ಸಂಕಟಪಟ್ಟ. ಕೊನೆಗೆ ಮುಸಲ್ಮಾನರು ಉಪವಾಸ ಹಿಡಿದಾಗ ತಾನೂ ಹಿಡಿದು, ದಿನಕ್ಕೆ ಎರಡು ಬಾರಿ ರೊಟ್ಟಿ, ನೀರಿನ ಮೇಲೆ ಒಂದು ತಿಂಗಳು ಕಳೆದ. ಇಲ್ಲಿನ ಹಿಂದೂಗಳ ಊಟದ ಕಟ್ಟುನಿಟ್ಟನ್ನು ಅವನು ಬೆರಗಿನಿಂದ ಬರೆದಿಟ್ಟಿದ್ದಾನೆ. ಅನ್ನ, ಖಿಚಡಿ, ಸೊಪ್ಪು ಅವರ ಆಹಾರ, ಒಬ್ಬರೊಡನೊಬ್ಬರು ಉಣ್ಣುವುದಿಲ್ಲ, ಬೇರೆಯವರ ಕಣ್ಣು ಬೀಳದಂತೆ ಕೆಲವರು ಬಟ್ಟೆ ಮುಚ್ಚಿಕೊಂಡು ಉಣ್ಣುತ್ತಾರೆ, ಪ್ರಯಾಣದಲ್ಲಿ ಪ್ರತಿಯೊಬ್ಬರೂ ತಮ್ಮದೇ ಗಡಿಗೆಯಲ್ಲಿ ತಮ್ಮ ಗಂಜಿ ಬೇಯಿಸಿಕೊಳ್ಳುತ್ತಾರೆ. ಅದು ಜಾತಿಯ ಮಡಿ. ಮೆಚ್ಚುವಂಥದ್ದಲ್ಲ. ಇಂದಿನ ಸೀಲಿಯಾಕ್ ಪ್ರಯಾಣಿಕರು ತಮ್ಮದೇ ಪಾತ್ರೆ ಒಯ್ಯುವುದು ಯಾರನ್ನೂ ಕೀಳೆಂದು ಎಣಿಸಿ ಅಲ್ಲ. ಬೇರೆ ಪಾತ್ರೆಗೆ ಮೆತ್ತಿದ ಹಿಟ್ಟಿಗೆ ಹೆದರಿ.

ಹೆದರಿಕೆಗೆ ಕಾರಣವೂ ಇದೆ. ಕಾಣುವ ಗೋಧಿಯನ್ನು ದೂರವಿಡಬಹುದು. ಹುಗ್ಗಿ, ಹೋಳಿಗೆ, ಶಾವಿಗೆ, ರವೆ ಉಪ್ಪಿಟ್ಟು, ರಂಜಾನ್ ತಿಂಗಳ ಹಲೀಮ್ ಯಾವುದರಿಂದಾದವೆಂದು ಎಲ್ಲರಿಗೂ ಗೊತ್ತು. ಕಾಣದ ಗೋಧಿಯದೇ ಉಪದ್ರವ. ಅಂಗಡಿಯ ಡಬ್ಬಿಯ ಇಂಗಿನಲ್ಲಿ ಹಲವು ಬಾರಿ ಗೋಧಿ ಹಿಟ್ಟು ಬೆರೆತಿರುತ್ತದೆ. ಹಾಗಾಗಿ ಒಗ್ಗರಣೆ ಹಾಕಿದ ತೊಗರಿಬೇಳೆಯೂ ಶಂಕಾಸ್ಪದ. ಭಜಿ ಕಡಲೆ ಹಿಟ್ಟಿನದೇ ಆದರೂ ಪೂರಿ, ಸಮೋಸ ಕರಿದ ಎಣ್ಣೆಯಲ್ಲೇ ಬೆಂದಿರುತ್ತದೆ. ‘ಜವೆಗೋಧಿ’ ಎಂದರೆ ಕೆಲವೆಡೆ ಬಾರ್ಲಿ, ಕೆಲವೆಡೆ ಖಪ್ಲಿ ಗೋಧಿ. ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದೆಂದು ಈಚೆಗೆ ಹೆಸರು ಮಾಡಿರುವ ಈ ಖಪ್ಲಿಯೂ ಗೋಧಿಯೇ. ಎರಡೂ ವರ್ಜ್ಯ. ಎಲ್ಲಕ್ಕಿಂತ ದೊಡ್ಡ ಬಲೆ ಹಿಟ್ಟಿನ ಗಿರಣಿ. ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿದರೆ ಮೊದಲು ಬೀಳುವ ಹಿಟ್ಟಿನಲ್ಲಿ ಎರಡೂ ಬೆರೆತಿರುತ್ತವೆ. ‘ಗ್ಲುಟೆನ್ ರಹಿತ’ ಎಂದು ಬರೆಯಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂಬುದು ಭಾರತವೂ ಸೇರಿ ಬಹಳಷ್ಟು ದೇಶಗಳ ನಿಯಮ. ಒಂದು ಚಿಟಿಕೆ ಗೋಧಿ ಹಿಟ್ಟು ಸಾಕು, ಈ ಮಿತಿ ದಾಟಲು. ಬಡಿಯಲು ಕೈ ಪಳಗದ ಕೆಲವು ಹೋಟೆಲುಗಳಲ್ಲಿ ರೊಟ್ಟಿ ಹರಿಯದಿರಲೆಂದು ಗೋಧಿ ಹಿಟ್ಟು ಬೆರೆಸುವುದೂ ಉಂಟು.

ಅಲ್ಲಿ ಏನು ಸಿಕ್ಕೀತು?

ಈ ಜಿಲ್ಲೆಯ ಬಹಳಷ್ಟು ಮಂದಿ ದುಡಿಯಲು ಹೋಗುವುದು ಕೊಲ್ಲಿ ದೇಶಗಳಿಗೆ. ಅಲ್ಲಿ ಅನ್ನಕ್ಕೆ ಬರವಿಲ್ಲ. ಆದರೆ ಅರಬ್ಬರ ಅನ್ನದಲ್ಲಿ ಕೆಲವೊಮ್ಮೆ ಹುರಿದ ಶಾವಿಗೆ ಬೆರೆತಿರುತ್ತದೆ. ಬುಲ್ಗುರ್, ಕುಸ್‌ಕುಸ್, ಫ್ರೀಕೆ, ಹರೀಸ್ ಎಂಬ ಹೆಸರುಗಳೆಲ್ಲ ಗೋಧಿಯ ವೇಷಗಳು. ಒಂದು ಹೆಸರು ಮಾತ್ರ ನೆನಪಿಡುವಂಥದ್ದು: ಧುರಾ. ಅರಬ್ಬಿಯಲ್ಲಿ ಅದು ಜೋಳಕ್ಕೂ ಸಲ್ಲುತ್ತದೆ, ಮೆಕ್ಕೆಜೋಳಕ್ಕೂ ಸಲ್ಲುತ್ತದೆ. ಎರಡರಲ್ಲೂ ಗ್ಲುಟೆನ್ ಇಲ್ಲ. ಜೋಳ ಹುಟ್ಟಿದ್ದು ಆಫ್ರಿಕದಲ್ಲಿ. ಪೂರ್ವ ಸೂಡಾನಿನಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆಯೇ ಅದನ್ನು ಬೆಳೆಸುತ್ತಿದ್ದ ಕುರುಹುಗಳು ಸಿಕ್ಕಿವೆ. ಸೂಡಾನಿನವರು ಜೋಳದ ಹಿಟ್ಟನ್ನು ಹುಳಿ ಬರಿಸಿ ಕಿಸ್ರಾ ಎಂಬ ತೆಳು ದೋಸೆ ಹೊಯ್ಯುತ್ತಾರೆ. ಕೊಲ್ಲಿ ನಗರಗಳಲ್ಲಿರುವ ಸೂಡಾನಿಗಳ ಹೋಟೆಲಿನಲ್ಲಿ ಔರಾದಿನ ಕೂಲಿಗೆ ತನ್ನ ಹೊಲದ ಕಾಳಿನ ಮೂಲಪುರುಷನೇ ಸಿಕ್ಕಾನು. ಗೋಧಿ ಬೆರೆಸುತ್ತಾರೋ ಎಂದು ಕೇಳಿಕೊಳ್ಳಬೇಕಾದುದು ಅಲ್ಲಿಯೂ ತಪ್ಪದು.

ಚೀನ, ಜಪಾನುಗಳಲ್ಲಿ ಅಕ್ಕಿಯ ಊಟವೆಂದು ನಿಶ್ಚಿಂತರಾಗುವಂತಿಲ್ಲ. ಪ್ರತಿಯೊಂದಕ್ಕೂ ಸುರಿಯುವ ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಜಪಾನಿನಲ್ಲಿ ನೀರಿನ ಬದಲು ಕೊಡುವ ಮುಗಿಚಾ ಹುರಿದ ಬಾರ್ಲಿಯ ಕಷಾಯ. ಸಸ್ಯಾಹಾರಿಗಳು ಅದರಲ್ಲೂ ಜೋಪಾನವಾಗಿರಬೇಕು. ಬೌದ್ಧರ ಶಾಕಾಹಾರಿ ಹೋಟೆಲುಗಳಲ್ಲಿ ಮಾಂಸದಂತೆಯೇ ತೋರುವ ಖಾದ್ಯವೊಂದು ಸಿಗುತ್ತದೆ. ಗೋಧಿ ಹಿಟ್ಟಿನ ಮುದ್ದೆಯನ್ನು ನೀರಿನಲ್ಲಿ ತೊಳೆತೊಳೆದು ಉಳಿದ ಅಂಟಿನಿಂದ ಮಾಡಿದ್ದದು. ಅಂದರೆ ಶುದ್ಧ ಗ್ಲುಟೆನ್. ಮಾಂಸಕ್ಕೆ ಹೆದರಿ ಅಲ್ಲಿಗೆ ಹೋದ ಭಾಲ್ಕಿಯ ಶರಣರು ಸೀಲಿಯಾಕ್ ಉಳ್ಳವರಾದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತೆಯೇ.

ಯೂರೋಪು ಈ ವಿಷಯದಲ್ಲಿ ಮುಂದಿದೆ. 2014ರ ಡಿಸೆಂಬರಿನಿಂದ ಯೂರೋಪಿಯನ್ ಒಕ್ಕೂಟದ ದೇಶಗಳಲ್ಲಿ ಹೋಟೆಲಿನವರು ತಮ್ಮ ತಿನಿಸಿನಲ್ಲಿ ಗ್ಲುಟೆನ್ ಧಾನ್ಯವೂ ಸೇರಿ 14 ಬಗೆಯ ಅಲರ್ಜಿಕಾರಕಗಳಲ್ಲಿ ಯಾವುದಿದೆ ಎಂದು ತಿಳಿಸಲೇಬೇಕು. ಪಾಸ್ತಾ, ಪಿಜ್ಜಾಗಳ ತವರಾದ ಇಟಲಿಯಲ್ಲಿ ಸೀಲಿಯಾಕ್ ಇರುವವರಿಗೆ ವಿಶೇಷ ಆಹಾರ ಕೊಳ್ಳಲು ಸರಕಾರವೇ ತಿಂಗಳಿಗಿಷ್ಟು ನೆರವು ಕೊಡುತ್ತದೆ. ಗೋಧಿ ತಿನ್ನುವ ದೇಶವೇ ಗೋಧಿ ಒಲ್ಲದವರ ಕಷ್ಟವನ್ನು ಚೆನ್ನಾಗಿ ಅರಿತಿರುವುದು ಸ್ವಾರಸ್ಯಕರ. ಅಮೆರಿಕದಲ್ಲಿ ಪೊಟ್ಟಣದ ಮೇಲೆ ಗೋಧಿಯ ಹೆಸರು ನಮೂದಿಸುವುದು ಕಡ್ಡಾಯ; ಬಾರ್ಲಿಗೆ ಆ ಕಟ್ಟಳೆಯಿಲ್ಲ. ಆದ್ದರಿಂದ ಮೆಕ್ಕೆಜೋಳದ ಚಕ್ಕೆಯಲ್ಲಿ ಬಾರ್ಲಿಯ ಮಾಲ್ಟ್ ಇದೆಯೇ ಎಂದು ಸಣ್ಣ ಅಕ್ಷರಗಳನ್ನು ಓದಬೇಕು. ಅದೇ ಅಮೆರಿಕ ಜಗತ್ತಿನಲ್ಲೇ ಅತಿ ಹೆಚ್ಚು ಜೋಳ ಬೆಳೆಯುವ ದೇಶಗಳಲ್ಲೊಂದು. ಬಹುಪಾಲು ದನದ ಮೇವಿಗೆ, ಎಥೆನಾಲಿಗೆ ಹೋಗುತ್ತದೆ. ಉಳಿದದ್ದು ‘ಸೋರ್ಗಮ್’ ಹಿಟ್ಟಾಗಿ ಗ್ಲುಟೆನ್ ರಹಿತ ಆಹಾರದ ಕಪಾಟಿನಲ್ಲಿ ಕೂತಿರುತ್ತದೆ. ಭಾರತೀಯರ ಅಂಗಡಿಯಲ್ಲಿ ಅದೇ ಜವಾರ್ ಆಟಾ. ಬೆಲೆಯಲ್ಲಿ ಅಗ್ಗ, ಆದರೆ ಗ್ಲುಟೆನ್ ರಹಿತ ಎಂಬ ಮುದ್ರೆ ಇದ್ದರೆ ಮಾತ್ರ ನಂಬಬಹುದು.

ವಿಮಾನದಲ್ಲಿ ಗ್ಲುಟೆನ್ ಇಲ್ಲದ ಊಟ ಬೇಕಿದ್ದರೆ ಕನಿಷ್ಠ ಒಂದು ದಿನ ಮೊದಲು ತಿಳಿಸಬೇಕು. ವಿಮಾನ ಸಂಸ್ಥೆಗಳ ಭಾಷೆಯಲ್ಲಿ ಅದಕ್ಕೆ ಜಿ.ಎಫ್.ಎಂ.ಎಲ್. ಎಂಬ ಸಂಕೇತವಿದೆ. ಹೋಗುವ ದೇಶದ ಭಾಷೆಯಲ್ಲಿ ಒಂದು ಚೀಟಿ ಬರೆಸಿಟ್ಟುಕೊಳ್ಳುವುದು ಬಲ್ಲವರ ಸಲಹೆ. ಅದರಲ್ಲಿ ‘ಗ್ಲುಟೆನ್ ಬೇಡ’ ಎಂದಷ್ಟೇ ಬರೆದರೆ ಸಾಲದು. ಗೋಧಿ, ಮೈದಾ, ರವೆ, ಬಾರ್ಲಿ, ರೈ, ಸೋಯಾ ಸಾಸು ಬೇಡ, ಅದೇ ಎಣ್ಣೆ ಅದೇ ಚಮಚ ಬಳಸಬೇಡಿ ಎಂದು ಬಿಡಿಸಿ ಬರೆಯಬೇಕು. ಅಡುಗೆಯವರಿಗೆ ಪ್ರೋಟೀನಿನ ಹೆಸರು ತಿಳಿಯದಿರಬಹುದು, ಹಿಟ್ಟಿನ ಹೆಸರು ತಿಳಿದೇ ಇರುತ್ತದೆ.

ಇನ್ನು ರೊಟ್ಟಿಯ ಗಂಟಿನ ವಿಚಾರ. ಖಡಕ್ ರೊಟ್ಟಿಗೆ ಸುಂಕದ ಅಧಿಕಾರಿಗಳ ಭಯ ಅಷ್ಟಾಗಿಲ್ಲ. ಭಯವಿರುವುದು ಅದರ ಸಂಗಡಿಗರಿಗೆ. ಯೂರೋಪಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲವಾದ್ದರಿಂದ ತುಪ್ಪ, ಪೇಡೆ ಮನೆಯಲ್ಲೇ ಬಿಡಬೇಕು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ತಿನಿಸು ಏನೇ ಇರಲಿ, ಇಳಿಯುವಾಗ ಅರ್ಜಿಯಲ್ಲಿ ನಮೂದಿಸಬೇಕು. ಮುಚ್ಚಿಟ್ಟರೆ ಭಾರಿ ದಂಡ. ಹಿಂಡಿ, ರೊಟ್ಟಿಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಪೊಟ್ಟಣಕ್ಕೆ ಅಂಟಿಸಿದರೆ ವಿವರಣೆಯ ಕಷ್ಟ ತಪ್ಪುತ್ತದೆ. ಡಬ್ಬಿಯಲ್ಲಿ ಇಡದಿದ್ದರೆ ಮುಟ್ಟುವ ಹೊತ್ತಿಗೆ ರೊಟ್ಟಿ ನುಚ್ಚಾಗಿರುತ್ತದೆ. ಮೊಸರಿನಲ್ಲಿ ನೆನೆಸಿ ತಿನ್ನುವವರಿಗೆ ಅದೂ ನಷ್ಟವಲ್ಲ.

ಪಕ್ಕದ ಕಲಬುರಗಿಯಲ್ಲಿ ಮಹಿಳಾ ಸ್ವಸಹಾಯ ಗುಂಪುಗಳು ಬಡಿದ ರೊಟ್ಟಿ ಈಗ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ದೂರದ ಪೇಟೆಗಳಿಗೂ ಹೋಗುತ್ತಿದೆ. ಬೀದರ್ ಜಿಲ್ಲೆಯ ಹೆಣ್ಣುಮಕ್ಕಳ ಕೈಗೆ ಅದು ಮೀರಿದ ಕೆಲಸವಲ್ಲ. ಜೋಳವನ್ನು ಮಾತ್ರ ಬೀಸುವ, ಗೋಧಿಯ ಕಾಳು ಒಳಗೆ ಬಿಡದ ಗಿರಣಿಯೊಂದು ತಾಲ್ಲೂಕಿಗೊಂದರಂತೆ ಇದ್ದರೆ ಆ ರೊಟ್ಟಿಯನ್ನು ಪರೀಕ್ಷೆ ಮಾಡಿಸಿ ‘ಗ್ಲುಟೆನ್ ರಹಿತ’ ಎಂದು ಮಾರಬಹುದು. ಸದ್ಯಕ್ಕೆ ಸೀಲಿಯಾಕ್ ಮಗುವಿರುವ ಮನೆಯವರು ಮಾಡಬಹುದಾದ್ದು ಇಷ್ಟೆ: ಜೋಳವನ್ನು ಹಸನು ಮಾಡಿ, ಗೋಧಿ ಕಾಳು ಆರಿಸಿ, ಮನೆಯ ಬೀಸುವ ಕಲ್ಲನ್ನೋ ಸಣ್ಣ ವಿದ್ಯುತ್ ಗಿರಣಿಯನ್ನೋ ಅದೊಂದಕ್ಕೇ ಮೀಸಲಿಡುವುದು. ಪೇಟೆಯ ಗಿರಣಿಗೇ ಹೋಗಬೇಕಾದರೆ, ಕಲ್ಲು ಬಿಚ್ಚಿ ಗುಡಿಸಿದ ಮೇಲೆ ಮೊದಲ ಒಂದೆರಡು ಸೇರು ಹಿಟ್ಟನ್ನು ಮನೆಯ ಉಳಿದವರಿಗೆ ತೆಗೆದಿಟ್ಟು, ನಂತರದ್ದನ್ನು ಮಗುವಿಗೆ ಕಟ್ಟಿಸಿಕೊಳ್ಳಬೇಕು. ಅದರಿಂದ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.